ಸಿಂಗಪುರದ ಹಾಕರ್ ಸೆಂಟರ್‌ನಲ್ಲಿ ಹೊಟ್ಟೆ ತುಂಬಾ ಉಣ್ಣುವುದು ಹೇಗೆ: ಮೊದಲ ಸಲ ಹೋಗುವವರಿಗೆ ಸಮಗ್ರ ಮಾರ್ಗದರ್ಶಿ

ಸಿಂಗಪುರಕ್ಕೆ ಹೊರಟವರ ಪಟ್ಟಿಯಲ್ಲಿ ಸೆಂಟೋಸಾ ಇರುತ್ತದೆ, ಯೂನಿವರ್ಸಲ್ ಸ್ಟುಡಿಯೋಸ್ ಇರುತ್ತದೆ, ಮರೀನಾ ಬೇ ಇರುತ್ತದೆ. ಊಟದ ವಿಷಯ ಬಂದಾಗ ಮಾತ್ರ 'ಅಲ್ಲೇ ಯಾವುದಾದರೂ ಇಂಡಿಯನ್ ರೆಸ್ಟೋರೆಂಟ್ ಇರುತ್ತೆ ಬಿಡಿ' ಎಂದು ಸುಮ್ಮನಾಗುತ್ತಾರೆ. ಪ್ಯಾಕೇಜ್ ಟೂರ್‌ಗಳಲ್ಲಂತೂ ದಿನವೂ ಅದೇ ಪನೀರ್, ಅದೇ ದಾಲ್. ಅಷ್ಟು ದೂರ ಹೋಗಿ ಆ ಊರಿನ ಒಂದು ತುತ್ತೂ ತಿನ್ನದೆ ಬರುವುದು ನನಗೆ ನಿಜಕ್ಕೂ ಬೇಸರದ ಸಂಗತಿ. ಆ ಊರಿನಲ್ಲಿ ತಪ್ಪಿಸಬಾರದ ಒಂದೇ ಜಾಗ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಹಾಕರ್ ಸೆಂಟರ್. ಸಸ್ಯಾಹಾರಿಗಳಿಗೂ ಇದೇ ಮಾತು. ಅಲ್ಲಿನ ಪದ್ಧತಿ ಗೊತ್ತಿಲ್ಲದಿದ್ದರೆ ಗದ್ದಲ ನೋಡಿಯೇ ವಾಪಸ್ ಬರುವ ಹಾಗಾಗುತ್ತದೆ. ಗೊತ್ತಿದ್ದರೆ ಅಷ್ಟು ಕಡಿಮೆ ದುಡ್ಡಿಗೆ ಅಷ್ಟು ಒಳ್ಳೆಯ ಊಟ ಆ ಊರಲ್ಲಿ ಬೇರೆಲ್ಲೂ ಸಿಗುವುದಿಲ್ಲ.

ಮೊದಲು, ಇದು ಎಂಥ ಜಾಗ?

ಮೇಲೆ ಸೂರು, ಸುತ್ತ ಗಾಳಿಗೆ ತೆರೆದ ದೊಡ್ಡ ಹಾಲ್. ಸಾಲುಸಾಲು ಪುಟ್ಟ ಅಂಗಡಿಗಳು. ನಡುವೆ ಮೇಜು, ಸ್ಟೂಲುಗಳು. ಸಾಮಾನ್ಯವಾಗಿ ಎಸಿ ಇರುವುದಿಲ್ಲ, ಫ್ಯಾನ್ ಮಾತ್ರ. ಮೇಜು ಯಾವ ಅಂಗಡಿಯದ್ದೂ ಅಲ್ಲ, ಎಲ್ಲರದ್ದು. ಒಂದು ಕಡೆ ಅನ್ನ, ಇನ್ನೊಂದು ಕಡೆ ನೂಡಲ್ಸ್, ಮತ್ತೊಂದು ಕಡೆ ಜ್ಯೂಸ್ ತಂದು ಒಂದೇ ಮೇಜಿನಲ್ಲಿ ಕೂತು ತಿನ್ನಬಹುದು.

ಹೆಚ್ಚಿನ ಅಂಗಡಿಗಳಲ್ಲಿ ಒಂದೋ ಎರಡೋ ತಿನಿಸು ಮಾತ್ರ ಮಾಡುತ್ತಾರೆ. ಅದನ್ನೇ ವರ್ಷಾನುಗಟ್ಟಲೆ, ಎಷ್ಟೋ ಕಡೆ ಅಪ್ಪನ ಕಾಲದಿಂದ ಮಾಡಿಕೊಂಡು ಬಂದವರು ಅವರು. ಇಪ್ಪತ್ತು ಬಗೆ ಮಾಡುವ ರೆಸ್ಟೋರೆಂಟಿಗೆ ಆ ಹದ ಬರುವುದು ಕಷ್ಟ.

ಇವರೆಲ್ಲ ಮೊದಲು ರಸ್ತೆ ಬದಿಯಲ್ಲಿ, ತಳ್ಳುಗಾಡಿಯಲ್ಲಿ ಮಾರುತ್ತಿದ್ದವರು. 1968-69ರಲ್ಲಿ ಸರ್ಕಾರ ಇಡೀ ದ್ವೀಪದ ಹಾಕರ್‌ಗಳ ನೋಂದಣಿ ಮಾಡಿತು. 1971ರಿಂದ ನೀರು, ಚರಂಡಿ, ಕರೆಂಟು ಇರುವ ಕಟ್ಟಡಗಳನ್ನು ಕಟ್ಟಿ ಅವರನ್ನು ಅಲ್ಲಿಗೆ ಕರೆತಂದಿತು. 1986ರ ಹೊತ್ತಿಗೆ ಆ ಕೆಲಸ ಮುಗಿಯಿತು. ಈಗ ಇಂಥ ಸೆಂಟರ್‌ಗಳು 110ಕ್ಕೂ ಹೆಚ್ಚಿವೆ. 2020ರ ಡಿಸೆಂಬರ್‌ನಲ್ಲಿ ಯುನೆಸ್ಕೋ ಸಿಂಗಪುರದ ಹಾಕರ್ ಸಂಸ್ಕೃತಿಯನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ವ್ಯಾಪಾರಿಗಳನ್ನು ಬರೀ ಓಡಿಸದೆ ಅವರ ಅಡುಗೆಗೆ ಒಂದು ಸೂರು ಕೊಟ್ಟರಲ್ಲ, ಆ ಕೆಲಸದ ಬಗ್ಗೆ ನನಗೆ ತುಂಬಾ ಗೌರವ ಇದೆ. ನಮ್ಮ ನಗರಗಳಿಗೂ ಇದು ಬೇಕು.

ಹೆಜ್ಜೆ 1: ಸೆಂಟರ್ ಆರಿಸಿಕೊಳ್ಳಿ

ಎಲ್ಲವನ್ನೂ ಸುತ್ತಲು ಹೋಗಬೇಡಿ. ಎರಡೋ ಮೂರೋ ಸಾಕು.

ಮೊದಲ ಸಲ ಹೋಗುವವರಿಗೆ ಮ್ಯಾಕ್ಸ್‌ವೆಲ್ ಫುಡ್ ಸೆಂಟರ್ ಸುಲಭ. ಮ್ಯಾಕ್ಸ್‌ವೆಲ್ ಮೆಟ್ರೋ ಸ್ಟೇಷನ್ ಪಕ್ಕದಲ್ಲೇ ಇದೆ. ಅಂಗಡಿಗಳು ಅಚ್ಚುಕಟ್ಟಾಗಿ ಸಾಲಾಗಿವೆ, ಪ್ರವಾಸಿಗರನ್ನು ನೋಡಿ ಅಭ್ಯಾಸ ಇರುವವರು. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಚೈನಾಟೌನ್ ಕಾಂಪ್ಲೆಕ್ಸ್ ಇದೆ. ಊರಿನ ಅತಿ ದೊಡ್ಡ ಹಾಕರ್ ಸೆಂಟರ್ ಅದು, ಇನ್ನೂರಕ್ಕೂ ಜಾಸ್ತಿ ಅಂಗಡಿಗಳು. ಒಳಗೆ ಹೋದರೆ ದಿಕ್ಕು ತಪ್ಪುತ್ತದೆ. ಹಾಗಾಗಿ ಅಂಗಡಿ ನಂಬರ್ ಬರೆದುಕೊಂಡು ಹೋಗಿ.

ಊರಿನವರು ಉಣ್ಣುವ ಜಾಗ ಬೇಕು ಎನ್ನುವವರು ಓಲ್ಡ್ ಏರ್‌ಪೋರ್ಟ್ ರೋಡ್ ಸೆಂಟರ್‌ಗೆ ಹೋಗಿ. ಡಕೋಟಾ ಸ್ಟೇಷನ್‌ನಲ್ಲಿ ಇಳಿಯಬೇಕು. ಬೆಳಗಿನ ತಿಂಡಿಗೆ ತಿಯಾಂಗ್ ಬಾರು ಮಾರ್ಕೆಟ್ ಚೆನ್ನ: ಕೆಳಗೆ ತರಕಾರಿ, ಮೀನಿನ ಸಂತೆ, ಮೇಲೆ ತಿಂಡಿ ಅಂಗಡಿಗಳು. ಮಲಯ್ ಅಡುಗೆಗೆ ಗೇಲಾಂಗ್ ಸೆರಾಯ್. ಭಾರತೀಯ ಅಂಗಡಿಗಳಿಗೆ ಲಿಟಲ್ ಇಂಡಿಯಾದ ಟೆಕ್ಕಾ ಸೆಂಟರ್.

ಲಾವ್ ಪಾ ಸಾತ್ ಕಟ್ಟಡ ನೋಡಲಿಕ್ಕೇ ಹೋಗಬೇಕು. ಎಂಟು ಮೂಲೆಯ, ಎರಕದ ಕಬ್ಬಿಣದ ಆ ಮಾರುಕಟ್ಟೆ 1894ರದ್ದು. ಕಬ್ಬಿಣದ ಭಾಗಗಳನ್ನು ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ ಹಡಗಿನಲ್ಲಿ ತರಿಸಿದ್ದರು. ಮಧ್ಯಾಹ್ನ ಅಲ್ಲಿ ಬೆಲೆ ಸ್ವಲ್ಪ ಜಾಸ್ತಿ. ಸಂಜೆ ಹೋಗಿ, ಕಾರಣ ಮುಂದೆ ಹೇಳುತ್ತೇನೆ.

ನ್ಯೂಟನ್ ಸೆಂಟರ್‌ಗೆ ಹೋದರೆ ಒಂದು ಎಚ್ಚರಿಕೆ. ಅಲ್ಲಿ ಏಡಿ, ಸಿಗಡಿಗಳನ್ನು ತೂಕದ ಲೆಕ್ಕದಲ್ಲಿ ಮಾರುತ್ತಾರೆ. 'ಇಷ್ಟಕ್ಕೆ ಒಟ್ಟು ಎಷ್ಟಾಗುತ್ತೆ' ಎಂದು ಕೇಳಿ, ಉತ್ತರ ಬಂದ ಮೇಲೇ ಹೂಂ ಅನ್ನಿ.

ಹೆಜ್ಜೆ 2: ಹೊತ್ತು ನೋಡಿ ಹೊರಡಿ

ಸೆಂಟರ್ ತೆರೆದಿದೆ ಎಂದ ಮಾತ್ರಕ್ಕೆ ನಿಮಗೆ ಬೇಕಾದ ಅಂಗಡಿ ತೆರೆದಿರುತ್ತದೆ ಎಂದೇನಿಲ್ಲ. ಒಬ್ಬೊಬ್ಬರದು ಒಂದೊಂದು ರಜೆ. ಸೋಮವಾರ ಬಾಗಿಲು ಹಾಕುವವರು ಬಹಳ. ಮ್ಯಾಕ್ಸ್‌ವೆಲ್‌ನ ಪ್ರಸಿದ್ಧ ತಿಯಾನ್ ತಿಯಾನ್ ಚಿಕನ್ ರೈಸ್ ಅಂಗಡಿಗೂ ಸೋಮವಾರ ರಜೆ. ಜೊತೆಗೆ ಕೆಲವು ತಿಂಗಳಿಗೊಮ್ಮೆ ಇಡೀ ಸೆಂಟರನ್ನೇ ಮುಚ್ಚಿ ತೊಳೆಯುತ್ತಾರೆ. ಆ ದಿನಗಳ ಪಟ್ಟಿ ಅಲ್ಲಿನ ರಾಷ್ಟ್ರೀಯ ಪರಿಸರ ಸಂಸ್ಥೆಯ ವೆಬ್‌ಸೈಟಿನಲ್ಲಿ ಇರುತ್ತದೆ. ಹೊರಡುವ ಮುನ್ನ ಒಮ್ಮೆ ನೋಡಿಕೊಳ್ಳಿ.

ಆಫೀಸುಗಳ ಹತ್ತಿರದ ಸೆಂಟರ್‌ಗಳಲ್ಲಿ ಮಧ್ಯಾಹ್ನ 12ರಿಂದ 1.30ರವರೆಗೆ ಕಾಲಿಡಲು ಜಾಗ ಇರುವುದಿಲ್ಲ. 11 ಗಂಟೆಗೇ ಹೋಗಿಬಿಡಿ. ತಡವಾಗಿ ಹೋಗೋಣ ಎಂದುಕೊಳ್ಳಬೇಡಿ, ಒಳ್ಳೆಯ ಅಂಗಡಿಗಳಲ್ಲಿ ಎರಡು ಗಂಟೆಗೆಲ್ಲ ಪಾತ್ರೆ ಖಾಲಿಯಾಗಿರುತ್ತದೆ. ನನ್ನ ಕೇಳಿದರೆ ಬೆಳಗಿನ ಹೊತ್ತೇ ಎಲ್ಲಕ್ಕಿಂತ ಚೆನ್ನ. ಸೆಕೆ ಇರುವುದಿಲ್ಲ, ಅಂಗಡಿಯವರು ಒಂದೆರಡು ಮಾತಾಡುವಷ್ಟು ಬಿಡುವಾಗಿರುತ್ತಾರೆ.

ಹೆಜ್ಜೆ 3: ಮೊದಲು ಸೀಟು, ಆಮೇಲೆ ಊಟ

ಖಾಲಿ ಮೇಜಿನ ಮೇಲೆ ಒಂದು ಟಿಶ್ಯೂ ಪ್ಯಾಕೆಟ್ ಬಿದ್ದಿದೆ ಎಂದುಕೊಳ್ಳಿ. ಯಾರೋ ಮರೆತು ಹೋಗಿದ್ದಲ್ಲ ಅದು. ಆ ಜಾಗ ಹಿಡಿದಾಗಿದೆ ಎಂದು ಅರ್ಥ. ಇದಕ್ಕೆ ಅಲ್ಲಿ 'ಚೋಪ್' ಮಾಡುವುದು ಎನ್ನುತ್ತಾರೆ. ಕೊಡೆ, ನೀರಿನ ಬಾಟಲಿ, ಆಫೀಸಿನ ಐಡಿ ಕಾರ್ಡ್ ಕೂಡ ನಡೆಯುತ್ತದೆ. ಅದನ್ನು ಸರಿಸಿ ಕೂರಬೇಡಿ.

ನೀವೂ ಹಾಗೇ ಮಾಡಿ. ಚೀಲದಲ್ಲಿ ಒಂದೆರಡು ಟಿಶ್ಯೂ ಪ್ಯಾಕೆಟ್ ಇಟ್ಟುಕೊಳ್ಳಿ. ಅಂಗಡಿಯಲ್ಲಿ ಕೈ ಒರೆಸಲು ಸಾಮಾನ್ಯವಾಗಿ ಏನೂ ಕೊಡುವುದಿಲ್ಲ, ಆಗಲೂ ಇದೇ ಬೇಕು. ಮನೆಯವರೆಲ್ಲ ಸೇರಿ ಹೋಗಿದ್ದರೆ ಇಬ್ಬರು ಮೇಜು ಕಾಯಲಿ, ಉಳಿದವರು ಬೇರೆ ಬೇರೆ ಕ್ಯೂನಲ್ಲಿ ನಿಲ್ಲಲಿ. ದೊಡ್ಡ ಮೇಜಿನಲ್ಲಿ ಒಂದೆರಡು ಸ್ಟೂಲು ಖಾಲಿ ಇದ್ದರೆ ಕೂತವರನ್ನು ಕೇಳಿ ಕೂರಬಹುದು. ಅಪರಿಚಿತರ ಜೊತೆ ಮೇಜು ಹಂಚಿಕೊಳ್ಳುವುದು ಅಲ್ಲಿ ದಿನದ ಮಾತು.

ಹೆಜ್ಜೆ 4: ಕೋಪಿಯಿಂದ ಶುರು ಮಾಡಿ

ಕಾಫಿ ಕುಡಿದು ಬೆಳೆದವರು ನಾವು. ಹಾಗಾಗಿ ಅಲ್ಲಿನ ಕೋಪಿ ಅಂಗಡಿ ಮುಂದೆ ಐದು ನಿಮಿಷ ಸುಮ್ನೆ ನಿಂತು ನೋಡಿ. ಉದ್ದ ಮೂತಿಯ ಲೋಹದ ಜಗ್. ಅದರೊಳಗೆ ಕಾಲುಚೀಲದ ಹಾಗೆ ಇಳಿಬಿದ್ದ ಬಟ್ಟೆಯ ಸೋಸುಚೀಲ. ಚೀಲಕ್ಕೆ ಪುಡಿ ಹಾಕಿ ಕುದಿನೀರು ಹೊಯ್ಯುತ್ತಾರೆ. ಕೋಲಿನಿಂದ ಕದಡುತ್ತಾರೆ. ಚೀಲವನ್ನು ಎತ್ತಿ ಇನ್ನೊಂದು ಜಗ್ಗಿಗೆ ಇಳಿಸಿ, ಇಳಿದ ಡಿಕಾಕ್ಷನ್ನನ್ನು ಮತ್ತೆ ಅದರ ಮೇಲೇ ಹೊಯ್ಯುತ್ತಾರೆ. ದಪ್ಪ ಪಿಂಗಾಣಿ ಕಪ್ಪಿನ ತಳದಲ್ಲಿ ಕಂಡೆನ್ಸ್ಡ್ ಹಾಲು ಮೊದಲೇ ಕೂತಿರುತ್ತದೆ. ಮೇಲೆ ಕಪ್ಪು ಡಿಕಾಕ್ಷನ್ ಬೀಳುತ್ತದೆ. ಚಮಚದಲ್ಲಿ ತಳದಿಂದ ಕಲಕಿಕೊಳ್ಳುವುದು ನಿಮ್ಮ ಕೆಲಸ.

ಬೀಜ ಹೆಚ್ಚಾಗಿ ರೋಬಸ್ಟಾ. ಹುರಿಯುವಾಗ ಸಕ್ಕರೆ ಮತ್ತು ಬೆಣ್ಣೆ ಅಥವಾ ಮಾರ್ಗರಿನ್ ಸೇರಿಸುತ್ತಾರೆ. ಸಕ್ಕರೆ ಕರಗಿ, ಕಂದಿ, ಬೀಜಕ್ಕೆ ಕಪ್ಪನೆಯ ಹೊಳಪು ಬರುತ್ತದೆ. ನಮ್ಮ ಫಿಲ್ಟರ್ ಕಾಫಿಗೆ ಚಿಕೋರಿ ಕೊಡುವ ಆ ಮಂದ ಕಹಿ ಇದೆಯಲ್ಲ, ಇಲ್ಲಿ ಅದನ್ನು ಕಂದಿದ ಸಕ್ಕರೆ ಕೊಡುತ್ತದೆ. ಹಾಲಿನ ಘಮ ಮಾತ್ರ ನಮ್ಮದಲ್ಲ, ಅದನ್ನು ಹುಡುಕಲು ಹೋಗಬೇಡಿ.

ಆರ್ಡರ್ ಮಾಡುವ ರೀತಿ ಗೊತ್ತಿದ್ದರೆ ಕೆಲಸ ಸಲೀಸು. ಬರೀ 'ಕೋಪಿ' ಎಂದರೆ ಕಂಡೆನ್ಸ್ಡ್ ಹಾಲು ಹಾಕಿದ್ದು, ಚೆನ್ನಾಗಿ ಸಿಹಿ ಇರುತ್ತದೆ. 'ಕೋಪಿ ಸಿ' ಎಂದರೆ ಇವಾಪೊರೇಟೆಡ್, ಅಂದರೆ ಸಿಹಿಯಿಲ್ಲದ ಗಟ್ಟಿ ಹಾಲು, ಜೊತೆಗೆ ಸಕ್ಕರೆ. ನಮ್ಮ ನಾಲಿಗೆಗೆ ಹೆಚ್ಚು ಹತ್ತಿರ ಇದೇ. 'ಕೋಪಿ ಓ' ಎಂದರೆ ಹಾಲಿಲ್ಲ, ಸಕ್ಕರೆ ಇದೆ. ಇವುಗಳ ಕೊನೆಗೆ 'ಕೊಸೊಂಗ್' ಸೇರಿಸಿದರೆ ಸಕ್ಕರೆ ಇಲ್ಲ, 'ಸಿಯು ದಾಯ್' ಎಂದರೆ ಸಕ್ಕರೆ ಕಮ್ಮಿ, 'ಗಾವ್' ಎಂದರೆ ಸ್ಟ್ರಾಂಗ್, 'ಪೆಂಗ್' ಎಂದರೆ ಐಸ್ ಹಾಕಿದ್ದು. ಶುಗರ್ ಇರುವವರು 'ಕೋಪಿ ಸಿ ಕೊಸೊಂಗ್' ಎಂದು ಬಾಯಿಪಾಠ ಮಾಡಿಕೊಂಡರೆ ಸಾಕು. ಟೀ ಬೇಕಿದ್ದರೆ ಕೋಪಿ ಜಾಗದಲ್ಲಿ 'ತೇ' ಎನ್ನಿ, ಉಳಿದದ್ದೆಲ್ಲ ಅದೇ. ಶುಂಠಿ ಟೀಗೆ 'ತೇ ಹಾಲಿಯಾ', ಎತ್ತಿ ಸುರಿದು ನೊರೆ ಬರಿಸಿದ್ದಕ್ಕೆ 'ತೇ ತಾರಿಕ್'. ಇವು ಭಾರತೀಯ ಮುಸ್ಲಿಮರ ಅಂಗಡಿಗಳಲ್ಲಿ ಚೆನ್ನಾಗಿರುತ್ತವೆ.

ಜೊತೆಗೆ ಕಾಯಾ ಟೋಸ್ಟ್ ತಗೊಳ್ಳಿ. ಕಾಯಾ ಎಂದರೆ ತೆಂಗಿನ ಹಾಲು, ಮೊಟ್ಟೆ, ಸಕ್ಕರೆ ಸೇರಿಸಿ, ಪಾಂಡನ್ ಎಂಬ ಘಮದ ಎಲೆ ಹಾಕಿ ನಿಧಾನಕ್ಕೆ ಕಾಯಿಸಿದ ಜಾಮಿನಂಥದ್ದು. ಸುಟ್ಟ ತೆಳ್ಳನೆಯ ಬ್ರೆಡ್ ನಡುವೆ ಅದನ್ನು ಸವರಿ, ತಣ್ಣನೆಯ ಬೆಣ್ಣೆಯ ತುಂಡನ್ನೇ ಇಟ್ಟು ಕೊಡುತ್ತಾರೆ. ಬೆಣ್ಣೆ ಕರಗುವ ಮುಂಚೆ ತಿನ್ನಬೇಕು. ಸೆಟ್ ತಗೊಂಡರೆ ಅರೆಬೆಂದ ಎರಡು ಮೊಟ್ಟೆ ಬರುತ್ತದೆ. ತಟ್ಟೆಗೆ ಒಡೆದು, ಕಪ್ಪು ಸೋಯಾ ಸಾಸ್ ಒಂದೆರಡು ಹನಿ, ಬಿಳಿ ಮೆಣಸಿನ ಪುಡಿ ಹಾಕಿ ಕಲಸಿ. ಟೋಸ್ಟನ್ನು ಅದರಲ್ಲಿ ಅದ್ದಿ ತಿನ್ನಿ. ಹಸಿ ಹಸಿ ಅನ್ನಿಸಿದರೆ ಮೊಟ್ಟೆ ಬಿಟ್ಟು ಟೋಸ್ಟ್ ಮಾತ್ರ ಕೇಳಬಹುದು. ಕಾಯಾದಲ್ಲೇ ಮೊಟ್ಟೆ ಇದೆ ಎಂಬುದು ಶುದ್ಧ ಸಸ್ಯಾಹಾರಿಗಳಿಗೆ ಗೊತ್ತಿರಲಿ.

ಹೆಜ್ಜೆ 5: ಕ್ಯೂ, ಆರ್ಡರ್, ದುಡ್ಡು

ಅಂಗಡಿಯಲ್ಲಿರುವ ಹಿರಿಯರನ್ನು ಅಂಕಲ್, ಆಂಟಿ ಎಂದೇ ಕರೆಯಬೇಕು. ಅಲ್ಲಿ ಎಲ್ಲರೂ ಹಾಗೇ ಕರೆಯುವುದು. ಕೌಂಟರ್ ಮುಂದೆ ಬಂದ ಮೇಲೆ ಯೋಚನೆ ಮಾಡುತ್ತಾ ನಿಲ್ಲಬೇಡಿ. ಹಿಂದೆ ಇರುವವರಿಗೆ ಊಟದ ಬಿಡುವು ಕಡಿಮೆ. ಕ್ಯೂನಲ್ಲಿರುವಾಗಲೇ ಬೋರ್ಡಿನ ಚಿತ್ರ ನೋಡಿ ನಿರ್ಧಾರ ಮಾಡಿ. ಏನು, ಎಷ್ಟು, ಇಲ್ಲೇ ತಿನ್ನುತ್ತೀರೋ ಕಟ್ಟಿಸಿಕೊಳ್ಳುತ್ತೀರೋ, ಖಾರ ಬೇಕೋ ಬೇಡವೋ, ಈ ನಾಲ್ಕು ಹೇಳಿದರೆ ಮುಗಿಯಿತು. ಪಾರ್ಸೆಲ್‌ಗೆ 'ತಾಪಾವ್' ಎನ್ನಿ. ನೂಡಲ್ಸ್ ಆದರೆ 'ಡ್ರೈ ಆರ್ ಸೂಪ್' ಎಂದು ಕೇಳುತ್ತಾರೆ. ಮೊದಲ ಸಲಕ್ಕೆ ಡ್ರೈ ಹೇಳಿ, ಸಾಸಿನಲ್ಲಿ ಕಲಸಿದ ನೂಡಲ್ಸ್ ಜೊತೆ ಸೂಪನ್ನು ಸಾಮಾನ್ಯವಾಗಿ ಬೇರೆ ಬಟ್ಟಲಲ್ಲಿ ಕೊಡುತ್ತಾರೆ.

ಬೋರ್ಡಿನಲ್ಲಿ ಒಂದೇ ತಿನಿಸಿಗೆ ಎರಡು ಮೂರು ಬೆಲೆ ಇದ್ದರೆ ಅದು ಪ್ಲೇಟಿನ ಅಳತೆ. ಚಿಕ್ಕದನ್ನೇ ಹೇಳಿ. ನಾಲ್ಕು ಜನ ಸೇರಿ ನಾಲ್ಕೈದು ಬಗೆ ಹಂಚಿ ತಿನ್ನುವುದೇ ಇಲ್ಲಿನ ಸುಖ. ಒಬ್ಬೊಬ್ಬರು ಒಂದೊಂದು ದೊಡ್ಡ ಪ್ಲೇಟ್ ತಗೊಂಡು ಕೂತರೆ ಎರಡನೇ ಬಗೆಗೆ ಹೊಟ್ಟೆಯಲ್ಲಿ ಜಾಗ ಇರುವುದಿಲ್ಲ.

ಒಂದು ಪ್ಲೇಟ್ ಊಟಕ್ಕೆ ಸುಮಾರು 4ರಿಂದ 7 ಸಿಂಗಪುರ ಡಾಲರ್. ಕೋಪಿ ಎರಡು ಡಾಲರ್ ಒಳಗೇ. ಬೋರ್ಡಿನಲ್ಲಿ ಇರುವುದೇ ಕೊನೆಯ ಬೆಲೆ, ಟಿಪ್ಸ್ ಪದ್ಧತಿ ಇಲ್ಲ. ರೆಸ್ಟೋರೆಂಟ್‌ಗಳಲ್ಲಾದರೆ ಸಾಮಾನ್ಯವಾಗಿ 10% ಸರ್ವಿಸ್ ಚಾರ್ಜ್, ಅದರ ಮೇಲೆ 9% ಜಿಎಸ್‌ಟಿ ಬೀಳುತ್ತದೆ. ಊರಿನವರು ಕ್ಯೂಆರ್ ಕೋಡ್‌ನಲ್ಲಿ ದುಡ್ಡು ಕೊಡುವುದು ಕಾಣುತ್ತದೆ. ನಿಮ್ಮ ಕಾರ್ಡು, ಆ್ಯಪ್ ಎಲ್ಲ ಕಡೆ ನಡೆಯುತ್ತದೆ ಎಂದು ನಂಬಿಕೊಂಡು ಹೋಗಬೇಡಿ. 2, 5, 10 ಡಾಲರಿನ ನೋಟುಗಳು ಜೇಬಿನಲ್ಲಿರಲಿ.

ನೀರನ್ನು ಯಾರೂ ತಂದಿಡುವುದಿಲ್ಲ. ಪಾನೀಯದ ಅಂಗಡಿಯಲ್ಲಿ ಕೊಳ್ಳಬೇಕು, ಇಲ್ಲವೇ ಬಾಟಲಿ ತುಂಬಿಸಿಕೊಂಡು ಹೋಗಬೇಕು. ಅಲ್ಲಿನ ನಲ್ಲಿ ನೀರು ಕುಡಿಯಲು ಯೋಗ್ಯ.

ಹೆಜ್ಜೆ 6: ಮಾಂಸಾಹಾರಿಗಳು ಏನು ತಿನ್ನಬೇಕು

ಒಂದೇ ಹೇಳಿ ಎಂದರೆ ಹೈನಾನೀಸ್ ಚಿಕನ್ ರೈಸ್. ಫೋಟೋದಲ್ಲಿ ನೋಡಿದರೆ ಏನೂ ಅನ್ನಿಸುವುದಿಲ್ಲ: ಬೆಳ್ಳಗಿನ ಕೋಳಿ, ಬೆಳ್ಳಗಿನ ಅನ್ನ, ಪಕ್ಕದಲ್ಲಿ ಸೌತೆಕಾಯಿ. ಇಡೀ ಕೋಳಿಯನ್ನು ಸಣ್ಣ ಉರಿಯಲ್ಲಿ ಬೇಯಿಸಿ ತಕ್ಷಣ ಐಸ್ ನೀರಿಗೆ ಹಾಕುತ್ತಾರೆ. ಅದರಿಂದ ಮಾಂಸ ಮೆತ್ತಗೆ ಉಳಿಯುತ್ತದೆ, ಚರ್ಮದ ಕೆಳಗೆ ತೆಳುವಾಗಿ ಜೆಲ್ಲಿಯ ಪದರ ಕಟ್ಟುತ್ತದೆ. ಆ ಕೋಳಿಯ ಕೊಬ್ಬಿನಲ್ಲಿ ಶುಂಠಿ, ಬೆಳ್ಳುಳ್ಳಿ ಬಾಡಿಸಿ, ಅಕ್ಕಿ ಹುರಿದು, ಅದೇ ಸಾರಿನಲ್ಲಿ ಪಾಂಡನ್ ಎಲೆ ಹಾಕಿ ಅನ್ನ ಮಾಡುತ್ತಾರೆ. ಮೊದಲು ಬರೀ ಅನ್ನ ಒಂದು ಚಮಚ ತಿಂದು ನೋಡಿ. ಅಂಗಡಿ ಒಳ್ಳೆಯದೋ ಅಲ್ಲವೋ ಎಂದು ಅನ್ನವೇ ಹೇಳುತ್ತದೆ. ಆಮೇಲೆ ಕೋಳಿಯ ತುಂಡಿಗೆ ಹುಳಿಖಾರದ ಮೆಣಸಿನಕಾಯಿ ಸಾಸ್, ಅರೆದ ಶುಂಠಿ, ಕಪ್ಪು ಸೋಯಾ ಸಾಸ್ ಮೂರನ್ನೂ ಸ್ವಲ್ಪ ಸ್ವಲ್ಪ ಹಚ್ಚಿ. ಬೆಳ್ಳಗಿನ ಕೋಳಿ ಇಷ್ಟ ಆಗದವರಿಗೆ ರೋಸ್ಟ್ ಕೋಳಿಯೂ ಅದೇ ಅಂಗಡಿಗಳಲ್ಲಿ ಸಿಗುತ್ತದೆ.

ಆಮೇಲೆ ಲಕ್ಸಾ. ತೆಂಗಿನ ಹಾಲು, ಒಣ ಸಿಗಡಿ, ಮಸಾಲೆ ಸೇರಿಸಿ ಮಾಡಿದ ಖಾರದ ರಸದಲ್ಲಿ ದಪ್ಪ ಅಕ್ಕಿ ನೂಡಲ್ಸ್. ಕರಾವಳಿಯವರಿಗೆ ತಕ್ಷಣ ಹಿಡಿಸುತ್ತದೆ. ಕಟಾಂಗ್ ಕಡೆಯ ಲಕ್ಸಾದಲ್ಲಿ ನೂಡಲ್ಸನ್ನು ತುಂಡು ಮಾಡಿರುತ್ತಾರೆ. ಚಾಪ್‌ಸ್ಟಿಕ್ ಗೊಡವೆ ಇಲ್ಲದೆ ಚಮಚದಲ್ಲೇ ತಿನ್ನಬಹುದು. ಮಲಯ್ ಅಂಗಡಿಗಳಲ್ಲಿ ನಾಸಿ ಲೆಮಾಕ್ ನೋಡಿ. ತೆಂಗಿನ ಹಾಲಿನ ಅನ್ನ, ಹುರಿದ ಸಣ್ಣ ಮೀನು, ಕಡಲೆಕಾಯಿ, ಮೊಟ್ಟೆ, ಸಂಬಾಲ್ ಎಂಬ ಖಾರದ ಮೆಣಸಿನಕಾಯಿ ಚಟ್ನಿ. ಆಡಂ ರೋಡ್ ಸೆಂಟರ್ ಇದಕ್ಕೆ ಹೆಸರಾದದ್ದು.

ಚಾರ್ ಕ್ವೇ ತಿಯಾವ್ ಎಂಬ ಚಪ್ಪಟೆ ನೂಡಲ್ಸ್ ಜೋರು ಉರಿಯಲ್ಲಿ ಮಾಡುವುದು. ಬಾಣಲೆಯ ಹೊಗೆಯ ವಾಸನೆ ಅದಕ್ಕೆ ಹತ್ತಬೇಕು. ಅದರಲ್ಲಿ ಹಂದಿ ಕೊಬ್ಬು, ಚಿಪ್ಪುಮೀನು ಇರುವುದು ಮಾಮೂಲು.

ಹಂದಿ ತಿನ್ನದವರು ಹಲಾಲ್ ಸರ್ಟಿಫಿಕೇಟ್ ಇರುವ ಅಂಗಡಿ ಹುಡುಕಿ. ಹಂದಿಯ ಮಾಂಸವೂ ಕೊಬ್ಬೂ ಅಲ್ಲಿ ಇರುವುದಿಲ್ಲ. ದನದ ಮಾಂಸ ಮಾತ್ರ ಹಲಾಲ್ ಅಂಗಡಿಯಲ್ಲೂ ಇರಬಹುದು, ಬಾಯಿಬಿಟ್ಟು ಕೇಳಿ. 'ನೋ ಬೀಫ್' ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಚೀನೀ ಬೌದ್ಧರಲ್ಲೂ ಎಷ್ಟೋ ಜನ ದನದ ಮಾಂಸ ತಿನ್ನುವುದಿಲ್ಲ.

ಸಂಜೆ ಲಾವ್ ಪಾ ಸಾತ್‌ಗೆ. ಪಕ್ಕದ ಬೂನ್ ತಾತ್ ಸ್ಟ್ರೀಟ್‌ನಲ್ಲಿ ವಾರದ ದಿನಗಳಲ್ಲಿ ಸಂಜೆ ಏಳಕ್ಕೆ ವಾಹನ ನಿಲ್ಲಿಸಿ, ರಸ್ತೆ ಮೇಲೇ ಮೇಜು ಹಾಕಿ ಸಾತೇ ಸುಡುತ್ತಾರೆ. ಅರಿಶಿನ ಹಚ್ಚಿದ ಕೋಳಿ, ಕುರಿ ಮಾಂಸದ ಸಣ್ಣ ತುಂಡುಗಳನ್ನು ಕಡ್ಡಿಗೆ ಚುಚ್ಚಿ ಕೆಂಡದ ಮೇಲೆ ಸುಟ್ಟಿದ್ದು. ಕಡಲೆಕಾಯಿ ಗೊಜ್ಜು, ಹಸಿ ಈರುಳ್ಳಿ, ಸೌತೆಕಾಯಿ ಜೊತೆಗೆ ಬರುತ್ತದೆ. ಹತ್ತು ಹನ್ನೆರಡು ಕಡ್ಡಿಯಿಂದ ಶುರು ಮಾಡಿ, ಬೇಕಾದರೆ ಮತ್ತೆ ಹೇಳಿ.

ಒಳ್ಳೆಯ ಹೋಟೆಲುಗಳನ್ನು ಆರಿಸಿ ಹೇಳುವ ಮಿಷೆಲಿನ್ ಗೈಡಿನ ಸ್ಟಿಕರ್ ನೋಡಿ ಅಂಗಡಿ ಆರಿಸುವವರು ಈಗ ಜಾಸ್ತಿ. 2016ರಲ್ಲಿ ಇಲ್ಲಿನ ಎರಡು ಹಾಕರ್ ಅಂಗಡಿಗಳಿಗೆ ಮಿಷೆಲಿನ್ ಸ್ಟಾರ್ ಸಿಕ್ಕಿತು. ಅಂಥ ಗೌರವ ಬೀದಿ ಅಡುಗೆಗೆ ಸಿಕ್ಕಿದ್ದು ದೊಡ್ಡ ವಿಷಯವೇ. ಆದರೆ ಸ್ಟಿಕರ್‌ಗಾಗಿ ಒಂದೂವರೆ ಗಂಟೆ ಕ್ಯೂ ನಿಲ್ಲಬೇಡಿ. ಅಷ್ಟು ಹೊತ್ತಲ್ಲಿ ಪಕ್ಕದ ಮೂರು ಅಂಗಡಿಯ ರುಚಿ ನೋಡಬಹುದು. ಊರಿನ ಅಜ್ಜ ಅಜ್ಜಿಯರು ನಿಂತಿರುವ ಕ್ಯೂ ಕಂಡರೆ ಅಲ್ಲಿ ಸೇರಿಕೊಳ್ಳಿ.

ಹೆಜ್ಜೆ 7: ಸಸ್ಯಾಹಾರಿಗಳಿಗೆ

ಈ ಭಾಗವನ್ನು ಸ್ವಲ್ಪ ಬಿಡಿಸಿ ಹೇಳಬೇಕು. 'ನೋ ಮೀಟ್' ಎಂದರೆ ಸಾಲದು. ಮಾಂಸ ಇಲ್ಲದ ಪ್ಲೇಟಿನಲ್ಲೂ ಬೆಲಾಚಾನ್ ಎಂಬ ಸಿಗಡಿ ಪೇಸ್ಟ್ ಇರುತ್ತದೆ, ಆಯ್ಸ್ಟರ್ ಸಾಸ್, ಮೀನಿನ ಸಾಸ್, ಒಣ ಸಿಗಡಿ, ಕೋಳಿ ಸಾರು, ಹಂದಿ ಕೊಬ್ಬು ಯಾವುದಾದರೂ ಇರಬಹುದು. ಸಂಬಾಲ್‌ನಲ್ಲಿ ಸಿಗಡಿ ಇದ್ದೇ ಇರುತ್ತದೆ ಎಂದುಕೊಳ್ಳಿ. ಕ್ಯಾರೆಟ್ ಕೇಕ್ ಎಂದು ಬೋರ್ಡ್ ನೋಡಿ ಸಿಹಿ ಎಂದುಕೊಂಡು ಆರ್ಡರ್ ಮಾಡಬೇಡಿ. ಅದು ಮೂಲಂಗಿ, ಅಕ್ಕಿಹಿಟ್ಟಿನ ಹಬೆ ಕಡುಬನ್ನು ತುಂಡು ಮಾಡಿ ಮೊಟ್ಟೆ ಹಾಕಿ ಹುರಿದದ್ದು, ಮೀನಿನ ಸಾಸ್ ಕೂಡ ಬೀಳುತ್ತದೆ.

ಹಾಗಾದರೆ ದಾರಿ ಏನು? ಚೀನೀ ಬೌದ್ಧರ ಸಸ್ಯಾಹಾರಿ ಅಂಗಡಿಗಳು. ಬಹಳಷ್ಟು ಸೆಂಟರ್‌ಗಳಲ್ಲಿ ಇಂಥದ್ದೊಂದು ಇರುತ್ತದೆ, ಬೋರ್ಡಿನಲ್ಲಿ ವೆಜಿಟೇರಿಯನ್ ಎಂದು ಬರೆದಿರುತ್ತಾರೆ. ಇವರಲ್ಲಿ ಹೆಚ್ಚಿನವರು ಈರುಳ್ಳಿ ಬೆಳ್ಳುಳ್ಳಿಯನ್ನೂ ಹಾಕುವುದಿಲ್ಲ. ಬೆಳಿಗ್ಗೆ ಇವರ ಬೀ ಹೂನ್, ಅಂದರೆ ಹುರಿದ ಅಕ್ಕಿ ಶಾವಿಗೆ, ತುಂಬಾ ಚೆನ್ನಾಗಿರುತ್ತದೆ. ಮೇಲೆ ಎಲೆಕೋಸು, ಕರಿದ ತೋಫು ಹಾಳೆ, ಗೋಧಿಯಿಂದ ಮಾಡಿದ ಮಾಂಸದಂಥ ತುಂಡು ಆರಿಸಿಕೊಳ್ಳಬಹುದು. ನೋಡಲು ಥೇಟ್ ಮಾಂಸದ ಹಾಗೇ ಇರುತ್ತದೆ, ಗಾಬರಿಯಾಗಬೇಡಿ. ಮೊಟ್ಟೆ ಮಾತ್ರ ಕೆಲವರು ಬಳಸುತ್ತಾರೆ, 'ನೋ ಎಗ್' ಎಂದು ಬೇರೆಯಾಗಿ ಹೇಳಿ. ಚಾಂದ್ರಮಾನ ತಿಂಗಳ 1 ಮತ್ತು 15ನೇ ದಿನ, ಅಂದರೆ ನಮ್ಮ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು, ಚೀನೀಯರಲ್ಲೂ ಅನೇಕರು ಮಾಂಸ ಬಿಡುತ್ತಾರೆ. ಆ ದಿನಗಳಲ್ಲಿ ಇಲ್ಲಿ ಕ್ಯೂ ಉದ್ದ, ಬೇಗ ಹೋಗಿ.

ಇನ್ನೊಂದು ನಾನು ಎಲ್ಲರಿಗೂ ಹೇಳುವುದು ಲೇ ಚಾ, ಇಂಗ್ಲಿಷ್ ಬೋರ್ಡಿನಲ್ಲಿ ಥಂಡರ್ ಟೀ ರೈಸ್. ಹಕ್ಕಾ ಎಂಬ ಚೀನೀ ಪಂಗಡದವರ ಊಟ. ಅನ್ನದ ಮೇಲೆ ಸಣ್ಣಗೆ ಹೆಚ್ಚಿದ ಸೊಪ್ಪು, ಬೀನ್ಸ್, ತೋಫು, ಉಪ್ಪಿಗೆ ಹಾಕಿದ ಮೂಲಂಗಿ, ಕಡಲೆಕಾಯಿ. ಪಕ್ಕದ ಬಟ್ಟಲಲ್ಲಿ ಟೀ ಎಲೆ, ತುಳಸಿ ಜಾತಿಯ ಸೊಪ್ಪು, ಪುದೀನ, ಎಳ್ಳು ಅರೆದು ಮಾಡಿದ ಹಸಿರು ಸಾರು. ಸಾರನ್ನು ಸ್ವಲ್ಪ ಸ್ವಲ್ಪವೇ ಅನ್ನಕ್ಕೆ ಹಾಕಿ ಕಲಸಿ. ಮೊದಲ ತುತ್ತು ಕಹಿ, ಮೂರನೆಯ ತುತ್ತಿಗೆ ನಾಲಿಗೆ ಒಗ್ಗುತ್ತದೆ. ಒಣ ಸಿಗಡಿ ಅಥವಾ ಸಣ್ಣ ಮೀನು ಉದುರಿಸುವ ಅಂಗಡಿಗಳಿವೆ, ಬೇಡ ಎಂದು ಮೊದಲೇ ಹೇಳಬೇಕು.

ಬುಗಿಸ್ ಹತ್ತಿರದ ವಾಟರ್‌ಲೂ ಸ್ಟ್ರೀಟ್ ಕಡೆಗೂ ಹೋಗಿ. ಅಲ್ಲಿ ಚೀನೀಯರ ಕ್ವಾನ್ ಇಮ್ ದೇವಸ್ಥಾನದ ಪಕ್ಕದಲ್ಲೇ ಶ್ರೀಕೃಷ್ಣನ ಗುಡಿ ಇದೆ. ಚೀನೀ ಭಕ್ತರು ಎರಡೂ ಕಡೆ ಊದುಬತ್ತಿ ಹಚ್ಚಿ ಕೈಮುಗಿಯುತ್ತಾರೆ. ಹತ್ತಿರದ ಫಾರ್ಚೂನ್ ಸೆಂಟರ್ ಕಟ್ಟಡದಲ್ಲಿ ಸಸ್ಯಾಹಾರಿ ಹೋಟೆಲುಗಳು ಹಲವಾರಿವೆ. ಹಾಕರ್ ಸೆಂಟರ್ ಅಲ್ಲದಿದ್ದರೂ ಸಸ್ಯಾಹಾರಿ ಲಕ್ಸಾ ತಿನ್ನಬೇಕೆಂದರೆ ಅಲ್ಲಿ ಹುಡುಕಿ.

ಹೆಜ್ಜೆ 8: ಟೆಕ್ಕಾಗೆ ಒಂದು ಬೆಳಿಗ್ಗೆ

ಲಿಟಲ್ ಇಂಡಿಯಾ ಸ್ಟೇಷನ್‌ನಿಂದ ಹೊರಬಂದರೆ ಟೆಕ್ಕಾ ಎದುರಿಗೇ. ಇಲ್ಲಿ ರೋಟಿ ಪ್ರಾಟಾ ತಿನ್ನಬೇಕು. ಮಾಸ್ಟರ್ ಹಿಟ್ಟಿನ ಉಂಡೆಯನ್ನು ಎಣ್ಣೆ ಸವರಿದ ಕಲ್ಲಿನ ಮೇಲೆ ಬೀಸಿ ಬೀಸಿ, ಆಚೆ ಕಾಣುವಷ್ಟು ತೆಳ್ಳಗೆ ಮಾಡಿ ಮಡಚುತ್ತಾರೆ. ಬೇಯಿಸಿದ ಮೇಲೆ ಎರಡೂ ಕೈಯಿಂದ ತಟ್ಟಿ ಪದರ ಬಿಡಿಸುತ್ತಾರೆ. 'ಕೊಸೊಂಗ್' ಎಂದರೆ ಇಲ್ಲಿ ಒಳಗೆ ಏನೂ ಇಲ್ಲದ ಪ್ರಾಟಾ. ಜೊತೆಗೆ ಕೊಡುವ ಸಾರು ಹೆಚ್ಚಾಗಿ ಮೀನಿನದ್ದೋ ಕುರಿಯದ್ದೋ ಆಗಿರುತ್ತದೆ. ಸಸ್ಯಾಹಾರಿಗಳು 'ದಾಲ್ ಕರಿ' ಎಂದು ಕೇಳಬೇಕು. ಇಲ್ಲಿ ತಮಿಳು ಚೆನ್ನಾಗಿ ನಡೆಯುತ್ತದೆ.

ಇಂಡಿಯನ್ ರೋಜಾಕ್ ನಮ್ಮ ದೇಶದಲ್ಲಿ ಕಾಣದ ತಿಂಡಿ. ಗಾಜಿನ ಪೆಟ್ಟಿಗೆಯಲ್ಲಿ ಬಗೆಬಗೆ ಬೋಂಡಾಗಳು, ಆಲೂಗಡ್ಡೆ, ತೋಫು, ಸಿಗಡಿ ವಡೆ. ಬೇಕಾದ್ದನ್ನು ತೋರಿಸಿದರೆ ಬಿಸಿ ಮಾಡಿ, ಕತ್ತರಿಸಿ, ಸಿಹಿಖಾರದ ಕೆಂಪು ಗೊಜ್ಜಿನ ಜೊತೆ ಕೊಡುತ್ತಾರೆ. ಒಂದೊಂದು ತುಂಡಿಗೂ ಬೆಲೆ ಬೇರೆ, ಆರಿಸುವಾಗ ಲೆಕ್ಕ ಇರಲಿ.

ಸೆರಾಂಗೂನ್ ರೋಡಿನಲ್ಲಿ 1947ರಿಂದ ಇರುವ ಕೋಮಲ ವಿಲಾಸ್ ಇದೆ, ನಮ್ಮ ಎಂಟಿಆರ್ ಕೂಡ ಇದೆ. ವಯಸ್ಸಾದವರು, ಮಕ್ಕಳು ಜೊತೆಗಿದ್ದು ಯಾವುದೂ ಒಗ್ಗದಿದ್ದರೆ ಧೈರ್ಯವಾಗಿ ಹೋಗಿ. ಹೊಟ್ಟೆ ಸರಿಯಿದ್ದವರು ಅದನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳಿ.

ಹೆಜ್ಜೆ 9: ತಂಪು, ಸಿಹಿ, ಡುರಿಯನ್

ಸೆಕೆಗೆ ನಿಂಬೆ ಹಿಂಡಿದ ಕಬ್ಬಿನ ಹಾಲು ಬೇಕೇ ಬೇಕು. ಗುಲಾಬಿ ಬಣ್ಣದ ಬಂಡುಂಗ್ ಎಂದರೆ ರೋಸ್ ಸಿರಪ್, ಹಾಲು. ಮಕ್ಕಳು ಇದನ್ನು ಬಿಡುವುದಿಲ್ಲ.

ಸಿಹಿಯಲ್ಲಿ ಮೊದಲು ಚೆಂಡೋಲ್: ಪುಡಿ ಐಸ್, ತೆಂಗಿನ ಹಾಲು, ಹಸಿರು ಶಾವಿಗೆಯಂಥ ಎಳೆಗಳು, ಮೇಲೆ ತಾಳೆಬೆಲ್ಲದ ಪಾಕ. ಬೆಲ್ಲ, ತೆಂಗು ನಮಗೆ ಹೊಸದೇನಲ್ಲ, ಆದರೆ ಐಸ್ ಜೊತೆ ಅದರ ರುಚಿಯೇ ಬೇರೆ. ತಾವ್ ಸುವಾನ್ ಅನ್ನೂ ಬಿಡಬೇಡಿ. ಹೆಸರುಬೇಳೆಯನ್ನು ಕರಗದ ಹಾಗೆ ಬೇಯಿಸಿ, ಗಟ್ಟಿ ಸಕ್ಕರೆ ಪಾಕದಲ್ಲಿ ಬಿಟ್ಟು, ಮೇಲೆ ಕರಿದ ಗರಿಗರಿ ಹಿಟ್ಟಿನ ತುಂಡು ಹಾಕಿ ಬಿಸಿಬಿಸಿ ಕೊಡುತ್ತಾರೆ. ತಾವ್ ಹ್ವೇ ಎಂದರೆ ಬಾಯಲ್ಲಿ ಕರಗುವ ಸೋಯಾ ಹಾಲಿನ ಗಿಣ್ಣಿನಂಥದ್ದು, ಬೆಳಗಿನ ಹೊತ್ತಿಗೂ ಹಗುರ.

ಡುರಿಯನ್ ಹಣ್ಣಿನ ಮುಖ್ಯ ಸೀಸನ್ ಜೂನ್‌ನಿಂದ ಆಗಸ್ಟ್. ಬೆಲೆ ಕಿಲೋ ಲೆಕ್ಕ, ಅದೂ ಸಿಪ್ಪೆ ಸಮೇತ. ಹಾಗಾಗಿ ತೂಗಿಸಿ, ಬೆಲೆ ಒಪ್ಪಿ, ಆಮೇಲೆ ಒಡೆಸಿ. ಮಾವ್ ಶಾನ್ ವಾಂಗ್ ದುಬಾರಿ ತಳಿ, ಡಿ24 ಅದಕ್ಕಿಂತ ಅಗ್ಗ. ಅಲ್ಲೇ ಕೂತು ತಿಂದು ಮುಗಿಸಬೇಕು. ವಾಸನೆ ಜೋರಾದ್ದರಿಂದ ಮೆಟ್ರೋದಲ್ಲಿ ಡುರಿಯನ್ ಒಯ್ಯುವಂತಿಲ್ಲ, ಬಹಳಷ್ಟು ಹೋಟೆಲ್ ರೂಮುಗಳಿಗೂ ಬಿಡುವುದಿಲ್ಲ.

ಹೆಜ್ಜೆ 10: ತಟ್ಟೆ ಎತ್ತಿಡಿ

ತಿಂದ ಮೇಲೆ ಟ್ರೇ, ತಟ್ಟೆ, ಲೋಟ, ಟಿಶ್ಯೂ ಎಲ್ಲವನ್ನೂ ನೀವೇ ಎತ್ತಿ ಟ್ರೇ ಇಡುವ ಕಪಾಟಿಗೆ ಒಯ್ಯಬೇಕು. 2021ರ ಸೆಪ್ಟೆಂಬರ್‌ನಿಂದ ಹಾಕರ್ ಸೆಂಟರ್‌ಗಳಲ್ಲಿ ಇದು ಕಡ್ಡಾಯ. ಮೊದಲ ಸಲ ಲಿಖಿತ ಎಚ್ಚರಿಕೆ, ಎರಡನೇ ಸಲ 300 ಡಾಲರ್ ದಂಡ. ಹಲಾಲ್ ತಟ್ಟೆಗಳಿಗೆ ಬೇರೆ ಕಪಾಟು ಇರುತ್ತದೆ, ಬೋರ್ಡ್ ನೋಡಿ ಇಡಿ. ಈ ಒಂದು ವಿಷಯದಲ್ಲಿ ದಯವಿಟ್ಟು ಉದಾಸೀನ ಬೇಡ. ಮೇಜು ಒರೆಸುವವರು ಹೆಚ್ಚಾಗಿ ವಯಸ್ಸಾದವರು, ನಮ್ಮ ಅಜ್ಜಿಯ ಪ್ರಾಯದವರೂ ಇರುತ್ತಾರೆ.

ಪಾರ್ಸೆಲ್ ತಗೊಂಡು ಮೆಟ್ರೋ ಹತ್ತಿದರೆ ಕಟ್ಟು ಬಿಚ್ಚಬೇಡಿ. ರೈಲಿನಲ್ಲಿ, ಸ್ಟೇಷನ್ ಒಳಗೆ ತಿನ್ನುವುದು, ಕುಡಿಯುವುದು ಎರಡಕ್ಕೂ 500 ಡಾಲರ್‌ವರೆಗೆ ದಂಡ ಇದೆ. ನೀರಿಗೂ ಅದೇ ನಿಯಮ.

ಒಂದೇ ದಿನ ಇದ್ದರೆ

ಬೆಳಿಗ್ಗೆ ಎಂಟಕ್ಕೆ ತಿಯಾಂಗ್ ಬಾರು, ಕೋಪಿ ಸಿ ಜೊತೆ ಕಾಯಾ ಟೋಸ್ಟ್. 11ಕ್ಕೆ ಮ್ಯಾಕ್ಸ್‌ವೆಲ್, ಚಿಕನ್ ರೈಸ್ ಒಂದು ಪ್ಲೇಟ್ ಇಬ್ಬರಿಗೆ. ಸಸ್ಯಾಹಾರಿಗಳು ಆ ಹೊತ್ತಿಗೆ ವಾಟರ್‌ಲೂ ಸ್ಟ್ರೀಟ್ ಕಡೆ. ನಾಲ್ಕಕ್ಕೆ ಟೆಕ್ಕಾದಲ್ಲಿ ಪ್ರಾಟಾ, ತೇ ತಾರಿಕ್. ಏಳರ ಮೇಲೆ ಲಾವ್ ಪಾ ಸಾತ್. ನಡುವೆ ಎಲ್ಲಾದರೂ ಚೆಂಡೋಲ್. ಮನೆಗೆ ತರಲು ಕಾಯಾ ಬಾಟಲಿ, ಕೋಪಿ ಪುಡಿ ಕೊಳ್ಳಬಹುದು. ಕಾಯಾವನ್ನು ಚೆಕ್-ಇನ್ ಬ್ಯಾಗಿನಲ್ಲಿ ಬಟ್ಟೆ ಸುತ್ತಿ ಇಡಿ. ಹ್ಯಾಂಡ್ ಬ್ಯಾಗಿನಲ್ಲಿಟ್ಟರೆ 100 ಮಿಲಿ ನಿಯಮಕ್ಕೆ ಸಿಕ್ಕಿ ಸೆಕ್ಯುರಿಟಿಯಲ್ಲೇ ಬಿಟ್ಟು ಬರಬೇಕಾಗುತ್ತದೆ.